ಒಡಲೊಳಗಿನ ಗಣತಿ

ಮನುಷ್ಯಶರೀರದಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ಅವನ ಸ್ವಂತ ಜೀವಕೋಶಗಳ ಹತ್ತು ಪಟ್ಟು ಇರುತ್ತವೆಂಬ ಮಾತನ್ನು ನಮ್ಮ ತಲೆಮಾರಿನವರೆಲ್ಲ ಪುಸ್ತಕಗಳಲ್ಲಿ ಓದಿ, ಉಪನ್ಯಾಸಗಳಲ್ಲಿ ಕೇಳಿ, ವಿಸ್ಮಯಪಟ್ಟು, ಮತ್ತೊಬ್ಬರಿಗೆ ಹೇಳಿ ಬಂದಿದ್ದೇವೆ. ಆ ಮಾತಿನ ಮೂಲವನ್ನು ಅರಸುತ್ತ ಹೋದವರಿಗೆ ಕಡೆಗೆ ದೊರೆತದ್ದು, 1972ರಲ್ಲಿ ಥಾಮಸ್ ಲಕ್ಕಿ ಎಂಬ ವಿಜ್ಞಾನಿ ತಮ್ಮ ಲೇಖನವೊಂದರಲ್ಲಿ ಸ್ಥೂಲವಾಗಿ ಮಾಡಿದ್ದ ಒಂದು ಅಂದಾಜು. ನಲವತ್ತು ವರ್ಷಗಳಿಗೂ ಮಿಕ್ಕಿ ಅದನ್ನು ಎಲ್ಲರೂ ಉದ್ಧರಿಸಿದರು. ತಿರುಗಿ ಎಣಿಸಿ ನೋಡುವ ಶ್ರಮವನ್ನು ವಹಿಸಿದವರು ವಿರಳ. 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾನ್ ಮಿಲೋ ಮತ್ತು ಅವರ ಸಂಗಡಿಗರು ಅವಯವ ಅವಯವವಾಗಿ ಲೆಕ್ಕಹಾಕಿ, 70 ಕಿಲೋಗ್ರಾಂ ತೂಕದ ಸಾಮಾನ್ಯ ಪುರುಷನಲ್ಲಿ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿಯೂ ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿಯೂ ಇರುವುವೆಂದೂ, ಇಷ್ಟೆಲ್ಲ ಬ್ಯಾಕ್ಟೀರಿಯಾಗಳ ಒಟ್ಟು ತೂಕ ಸುಮಾರು 200 ಗ್ರಾಂ ಮಾತ್ರವೆಂದೂ ತೋರಿಸಿಕೊಟ್ಟರು. ಹತ್ತು ಪಟ್ಟೆಂಬುದು ಹೋಗಿ, ಎರಡು ಪಕ್ಷಗಳೂ ಹೆಚ್ಚುಕಡಮೆ ಸಮಬಲವೆಂದಾಯಿತು.

ನಮ್ಮ ಕಾಲದ ಜೀವವಿಜ್ಞಾನದಲ್ಲಿ, ಅದರಲ್ಲಿಯೂ ಮೈಕ್ರೋಬಯೋಮ್ ಎಂದು ಹೆಸರಾಗಿರುವ ಈ ಸೂಕ್ಷ್ಮಜೀವಿಸಮುದಾಯದ ಅಧ್ಯಯನದಲ್ಲಿ, ಗಣಿತಜ್ಞರಿಗೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಗಣಿತಜ್ಞನೆಂದರೆ ಶೀಘ್ರವಾಗಿ ಲೆಕ್ಕ ಮಾಡಬಲ್ಲವನೆಂದು ಲೋಕ ತಿಳಿದಿದೆ. ಆ ಕೆಲಸವನ್ನು ಈಗ ಯಂತ್ರಗಳು ಮಾಡುತ್ತವೆ. ನಿಜವಾದ ಗಣಿತಜ್ಞನ ಗುಣ ಬೇರೆ. ಮುಂದೆ ಬಂದು ನಿಂತ ಸಂಖ್ಯೆ ಯಾವುದರ ಸಂಖ್ಯೆ, ಯಾವ ಮಾನದಿಂದ ಅಳೆದದ್ದು, ಯಾರೊಡನೆ ಹೋಲಿಸಿ ಹೇಳಿದ್ದು ಎಂದು ಕೇಳದೆ ಅದನ್ನು ಒಪ್ಪಿಕೊಳ್ಳಲಾರದ ಶ್ರದ್ಧಾಪೂರ್ವಕವಾದ ಸಂಶಯವೇ ಅವನ ಗುಣ. ಆ ಸಂಶಯ ಸಾಲದೆ ಹೋದಾಗ ಈ ಕ್ಷೇತ್ರದಲ್ಲಿ ಆಗಿರುವ ಪ್ರಮಾದಗಳೂ, ಅದು ಇದ್ದಾಗ ಆಗಿರುವ ಉಪಕಾರಗಳೂ ಎರಡೂ ನಮ್ಮ ಕಣ್ಣಮುಂದೆ ಇವೆ.

ಆಸ್ಟ್ರೇಲಿಯದ ಮೂರು ನಗರಗಳು ಈ ವಿಷಯದಲ್ಲಿ ಸ್ಮರಣೀಯವಾದವು. ಮೊದಲನೆಯದು ಪರ್ತ್. ಅಲ್ಲಿಯ ರಾಯಲ್ ಪರ್ತ್ ಆಸ್ಪತ್ರೆಯಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬಿಬ್ಬರು ವೈದ್ಯರು ಜಠರದ ಹುಣ್ಣಿಗೆ ಚಿಂತೆ ಮತ್ತು ಆಮ್ಲಗಳಿಗಿಂತ ಹೆಚ್ಚಾಗಿ ಒಂದು ಬ್ಯಾಕ್ಟೀರಿಯಾ ಕಾರಣವೆಂದು ಸಾಧಿಸಿದರು. 1982ರ ಈಸ್ಟರ್ ರಜೆಯಲ್ಲಿ ಎರಡು ದಿವಸಕ್ಕೇ ಬಿಸುಡಬೇಕಾಗಿದ್ದ ತಟ್ಟೆಗಳು ಹಾಗೆಯೇ ಉಳಿದುಹೋದುದರಿಂದ ಆ ನಿಧಾನಗಾಮಿ ಜೀವಿ ಬೆಳೆದು ಕಾಣಿಸಿಕೊಂಡಿತು. 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ತಮ್ಮ ಜಠರದಲ್ಲಿ ಉರಿಯೂತವನ್ನು ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂದಿತು. ಅಲ್ಲಿ ಅಪರಾಧಿ ಒಬ್ಬನೇ ಇದ್ದನು. ಅವನನ್ನು ಹಿಡಿದು ತೋರಿಸಲು ಒಂದು ಸೂಕ್ಷ್ಮದರ್ಶಕ, ಅಸಾಮಾನ್ಯ ಧೈರ್ಯ, ಸ್ವಲ್ಪ ದೈವಾನುಕೂಲ ಇವು ಸಾಕಾದವು. ಆದರೆ ಕರುಳಿನ ಲೋಕ ಹಾಗಲ್ಲ. ಅಲ್ಲಿ ನೂರಾರು ಜಾತಿಗಳು ಒಂದನ್ನೊಂದು ಪೋಷಿಸುತ್ತ, ಒಂದರೊಡನೊಂದು ಸ್ಪರ್ಧಿಸುತ್ತ, ನಾವು ಉಂಡ ಅನ್ನದ ಶೇಷವನ್ನು ಹಂಚಿಕೊಂಡು ಬಾಳುತ್ತವೆ. ಅವುಗಳಲ್ಲಿ ಬಹುಪಾಲು ಪ್ರಯೋಗಶಾಲೆಯ ತಟ್ಟೆಯಲ್ಲಿ ಸುಲಭವಾಗಿ ಬೆಳೆಯವು. ಆದುದರಿಂದ ಮಲದ ಮಾದರಿಯಿಂದ ಡಿಎನ್‌ಎಯನ್ನು ಬೇರ್ಪಡಿಸಿ, ಅದರ ತುಣುಕುಗಳನ್ನು ಯಂತ್ರದಿಂದ ಓದಿಸಿ, ಯಾವ ತುಣುಕು ಯಾವ ಜಾತಿಯದೆಂದು ಪಟ್ಟಿಮಾಡುವುದೇ ಈಗಿನ ಪದ್ಧತಿ. ಹಾಗೆ ಸಿದ್ಧವಾಗುವ ಪಟ್ಟಿಯೇ ವಿಜ್ಞಾನಿಯ ಕೈಗೆ ಬರುವ ವಸ್ತು. ಅವನು ಕಾಣುವುದು ಜೀವಿಗಳನ್ನಲ್ಲ, ಸಂಖ್ಯೆಗಳನ್ನು.

ಎರಡನೆಯ ನಗರ ಬ್ರಿಸ್ಬೇನ್. ಕ್ರಿಕೆಟ್ಟಿನ ಕಾರಣದಿಂದ ಗಬ್ಬಾ ಎಂಬ ಹೆಸರು ಕನ್ನಡಿಗರಿಗೆ ಪರಿಚಿತ. 2021ರ ಜನವರಿಯಲ್ಲಿ ಭಾರತ ಅಲ್ಲಿ ಗೆದ್ದದ್ದನ್ನು ಮರೆಯುವವರು ಯಾರು? ಆ ಕ್ರೀಡಾಂಗಣವಿರುವ ವುಲೂನ್‌ಗಬ್ಬ ಬಡಾವಣೆಯಲ್ಲಿಯೇ, ಆಸ್ಪತ್ರೆಗೆ ಹೊಂದಿಕೊಂಡ ಒಂದು ಸಂಶೋಧನಾಲಯದಲ್ಲಿ, ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದ ಹಿಂದೆ ಡಯಾಮಂಟೀನಾ ಎಂಬ ಹೆಸರಿದ್ದ ಸಂಸ್ಥೆ ಇದೆ. ಫ್ರಾನ್ಸಿನ ಟುಲೂಸಿನಲ್ಲಿ ಗಣಿತವನ್ನೂ ಸಂಖ್ಯಾಶಾಸ್ತ್ರವನ್ನೂ ಅಭ್ಯಸಿಸಿ, 2008ರಲ್ಲಿ ಡಾಕ್ಟರೇಟ್ ಪಡೆದು, ಬ್ರಿಸ್ಬೇನಿಗೆ ಬಂದ ಕಿಮ್-ಆನ್ ಲೇ ಕಾವ್ ಎಂಬ ವಿದುಷಿ ಕೆಲವು ವರ್ಷ ಇಲ್ಲಿ ಕೆಲಸಮಾಡಿದರು. ಅನಂತರ ಮೆಲ್ಬರ್ನ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಜೀವಶಾಸ್ತ್ರಜ್ಞರು ರಾಶಿರಾಶಿಯಾಗಿ ಕೂಡಿಹಾಕುವ ಅಳತೆಗಳಲ್ಲಿ ಅರ್ಥವುಳ್ಳ ವಿನ್ಯಾಸವನ್ನು ಹುಡುಕುವುದಕ್ಕಾಗಿ ಅವರೂ ಅವರ ಸಹೋದ್ಯೋಗಿಗಳೂ ರೂಪಿಸಿದ ಮಿಕ್ಸ್‌ಓಮಿಕ್ಸ್ ಎಂಬ ತಂತ್ರಾಂಶ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದದ್ದು. 2016ರಲ್ಲಿ ಅದೇ ವಿಧಾನವನ್ನು ಸೂಕ್ಷ್ಮಜೀವಿಸಮುದಾಯಗಳಿಗೆ ಒಗ್ಗಿಸಿ ಅವರು ಒಂದು ಪ್ರಬಂಧವನ್ನು ಪ್ರಕಟಿಸಿದರು. 2019ರಲ್ಲಿ ಆಸ್ಟ್ರೇಲಿಯದ ವಿಜ್ಞಾನ ಅಕಾಡೆಮಿ ಅವರಿಗೆ ಸಂಖ್ಯಾಶಾಸ್ತ್ರದ ಮೊರಾನ್ ಪದಕವನ್ನಿತ್ತು ಗೌರವಿಸಿತು.

ಆ ಪ್ರಬಂಧದ ಹೃದಯದಲ್ಲಿರುವ ಪ್ರಶ್ನೆಯನ್ನು ಸಾಮಾನ್ಯ ವಾಚಕನೂ ಗ್ರಹಿಸಬಲ್ಲನು, ಗ್ರಹಿಸಬೇಕಾದದ್ದೂ ಹೌದು. ಡಿಎನ್‌ಎ ಓದುವ ಯಂತ್ರ ಪ್ರತಿಯೊಂದು ಮಾದರಿಯಿಂದಲೂ ತನ್ನ ಸಾಮರ್ಥ್ಯಕ್ಕೆ ತಕ್ಕಷ್ಟು ತುಣುಕುಗಳನ್ನು ಓದಿ ನಿಲ್ಲುತ್ತದೆ. ಆ ತುಣುಕುಗಳ ಮೊತ್ತಕ್ಕೂ ಕರುಳಿನಲ್ಲಿರುವ ಜೀವಿಗಳ ಮೊತ್ತಕ್ಕೂ ಸಂಬಂಧವಿಲ್ಲ. ಕಣಜ ದೊಡ್ಡದಿರಲಿ ಚಿಕ್ಕದಿರಲಿ, ಒಂದು ಸೇರು ತುಂಬಿ ತೆಗೆದ ಧಾನ್ಯದಿಂದ ಯಾವ ಕಾಳು ಎಷ್ಟು ಪಾಲು ಬೆರೆತಿದೆಯೆಂಬುದು ತಿಳಿದೀತೇ ಹೊರತು ಕಣಜದಲ್ಲಿ ಎಷ್ಟು ಖಂಡುಗವಿದೆಯೆಂಬುದು ತಿಳಿಯದು. ಒಬ್ಬನ ಕರುಳಿನಲ್ಲಿ ಒಂದು ಜಾತಿ 50 ಕೋಟಿ, ಇನ್ನೊಂದು ಜಾತಿ 50 ಕೋಟಿ ಇರಲಿ. ಮತ್ತೊಬ್ಬನಲ್ಲಿ ಮೊದಲನೆಯದು ಅಷ್ಟೇ 50 ಕೋಟಿಯಿದ್ದು ಎರಡನೆಯದು 150 ಕೋಟಿಯಾಗಿರಲಿ. ಯಂತ್ರದ ಪಟ್ಟಿಯಲ್ಲಿ ಮೊದಲನೆಯ ಜಾತಿ ಶೇಕಡಾ 50ರಿಂದ 25ಕ್ಕೆ ಇಳಿಯಿತೆಂದು ಬರುತ್ತದೆ. ಒಂದು ಜೀವಿಯೂ ನಷ್ಟವಾಗಿಲ್ಲ. ಆದರೂ ಅದು ಕ್ಷೀಣಿಸಿತೆಂದು ವೈದ್ಯನು ಬರೆದುಕೊಳ್ಳುತ್ತಾನೆ, ರೋಗಿ ಚಿಂತಿಸುತ್ತಾನೆ, ಔಷಧ ಮಾರುವವನು ಸಂತೋಷಪಡುತ್ತಾನೆ.

ಪ್ರಮಾಣಗಳನ್ನು ಪರಿಮಾಣಗಳೆಂದು ಭ್ರಮಿಸಿದರೆ ಇಲ್ಲದ ಸಂಬಂಧಗಳು ಇದ್ದಂತೆ ತೋರುವುವೆಂದು ಕಾರ್ಲ್ ಪಿಯರ್ಸನ್ 1897ರಷ್ಟು ಹಿಂದೆಯೇ ಎಚ್ಚರಿಸಿದ್ದರು. ಸ್ಕಾಟ್ಲೆಂಡಿನ ಜಾನ್ ಏಚಿಸನ್ 1982ರಲ್ಲಿ ಅದಕ್ಕೆ ಪರಿಹಾರವನ್ನು ಸೂಚಿಸಿದರು: ಒಟ್ಟಿನಲ್ಲಿ ಒಂದರ ಪಾಲೆಷ್ಟೆಂದು ಕೇಳುವುದನ್ನು ಬಿಟ್ಟು, ಒಂದಕ್ಕೂ ಮತ್ತೊಂದಕ್ಕೂ ಇರುವ ಅನುಪಾತವೆಷ್ಟೆಂದು ಕೇಳಿ, ಆ ಅನುಪಾತದ ಲಾಗರಿದಮ್ಮನ್ನು ತೆಗೆದುಕೊಂಡು ಮುಂದುವರಿಯಬೇಕು. ಬೇರೆ ಯಾವ ಜಾತಿ ಎಷ್ಟೇ ಏರಿದರೂ ಇಳಿದರೂ ಈ ಎರಡರ ಅನುಪಾತ ಕದಲುವುದಿಲ್ಲ. ಏಚಿಸನ್ ಇದನ್ನು ರೂಪಿಸಿದಾಗ ಅವರ ಉದಾಹರಣೆಗಳು ಶಿಲೆಗಳ ಘಟಕಾಂಶಗಳಂಥವು; ಕರುಳಿನ ಜೀವಿಗಳಿಗೂ ಅದೇ ನ್ಯಾಯ ಸಲ್ಲುವುದೆಂದು ಕಂಡು ಅದನ್ನು ಕಾರ್ಯಸಾಧ್ಯವಾದ ವಿಧಾನವನ್ನಾಗಿ ಮಾಡಿಕೊಟ್ಟವರು ಲೇ ಕಾವ್ ಅವರಂಥ, ಗಣಿತದಿಂದ ಜೀವಶಾಸ್ತ್ರಕ್ಕೆ ಬಂದ ಜನ. ಈ ಎಚ್ಚರಿಕೆ ಪಂಡಿತರ ವಿನೋದವಲ್ಲ. 2017ರಲ್ಲಿ ಬೆಲ್ಜಿಯಮಿನ ವಿಜ್ಞಾನಿಗಳು ಮಾದರಿಗಳಲ್ಲಿನ ಜೀವಕೋಶಗಳನ್ನು ನಿಜವಾಗಿಯೇ ಎಣಿಸಿ ನೋಡಿದಾಗ, ಆರೋಗ್ಯವಂತರಲ್ಲಿಯೂ ಒಬ್ಬರಿಗೂ ಇನ್ನೊಬ್ಬರಿಗೂ ಹತ್ತು ಪಟ್ಟಿನವರೆಗೆ ಅಂತರವಿರಬಹುದೆಂದೂ, ಕ್ರೋನ್ಸ್ ಎಂಬ ಕರುಳಿನ ವ್ಯಾಧಿಯುಳ್ಳವರಲ್ಲಿ ಒಟ್ಟು ಸಂಖ್ಯೆಯೇ ಕುಗ್ಗಿರುವುದೆಂದೂ ಗೊತ್ತಾಯಿತು. ಬರಿಯ ಶೇಕಡಾವಾರು ಪಟ್ಟಿಯನ್ನು ನೋಡಿದವರಿಗೆ ಈ ಸಂಗತಿ ಗೋಚರಿಸುವಂತಿರಲಿಲ್ಲ.

ಸಂಶಯ ಸಾಲದೆ ಹೋದ ಪ್ರಸಂಗಗಳನ್ನೂ ಹೇಳದೆ ಬಿಡಲಾಗದು. 2006ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನ, ಸ್ಥೂಲಕಾಯದವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ಎರಡು ಮಹಾಕುಲಗಳ ಅನುಪಾತ ವ್ಯತ್ಯಸ್ತವಾಗಿರುವುದೆಂದು ಸಾರಿತು. ಅದರಲ್ಲಿದ್ದ ಸ್ಥೂಲಕಾಯರು 12 ಮಂದಿ. ಮುಂದೆ ಹತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪರಿಶೀಲಿಸಿದಾಗ ಆ ಸಂಬಂಧ ತೀರ ದುರ್ಬಲವೆಂದು ಕಂಡುಬಂದಿತು. ಇದಕ್ಕಿಂತಲೂ ಗಂಭೀರವಾದದ್ದು 2020ರ ಪ್ರಸಂಗ. 33 ಬಗೆಯ ಕ್ಯಾನ್ಸರುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಆದ ಸೂಕ್ಷ್ಮಜೀವಿಗಳ ಗುರುತುಂಟೆಂದೂ, ರಕ್ತದಲ್ಲಿ ಅದನ್ನು ಓದಿ ರೋಗವನ್ನು ಪತ್ತೆಹಚ್ಚಬಹುದೆಂದೂ ಜಗತ್ತಿನ ಅಗ್ರಗಣ್ಯ ವಿಜ್ಞಾನಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರು ವರ್ಷಗಳಾದ ಮೇಲೆ ಬೇರೆ ಗಣನವಿಜ್ಞಾನಿಗಳು ಅದೇ ದತ್ತಾಂಶವನ್ನು ತಿರುಗಿ ಪರೀಕ್ಷಿಸಿದರು. ಬ್ಯಾಕ್ಟೀರಿಯಾದ್ದೆಂದು ಎಣಿಸಿದ್ದ ಲಕ್ಷಾಂತರ ತುಣುಕುಗಳು ಮನುಷ್ಯನವೇ ಆಗಿದ್ದವು. ಮಾದರಿಗಳನ್ನು ಒಂದಕ್ಕೊಂದು ಸರಿದೂಗಿಸಲು ಬಳಸಿದ ಗಣಿತಕ್ರಿಯೆಯಂತೂ, ಮೂಲದಲ್ಲಿ ಸೊನ್ನೆಯಿದ್ದ ಕಡೆಯಲ್ಲಿಯೂ ಒಂದೊಂದು ಕ್ಯಾನ್ಸರಿಗೆ ಒಂದೊಂದು ಬೇರೆ ಬೆಲೆಯನ್ನು ತಾನೇ ಸೃಷ್ಟಿಸಿ ಇಟ್ಟಿತ್ತು. ಯಂತ್ರ ಆ ಕೃತಕವಾದ ಗುರುತನ್ನೇ ಕಲಿತು, ರೋಗವನ್ನು ಗುರುತಿಸಿದೆನೆಂದು ಹೇಳಿತ್ತು. 2024ರಲ್ಲಿ ಆ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ಅಷ್ಟರಲ್ಲಿ ಅದನ್ನೇ ಆಧಾರವಾಗಿಟ್ಟುಕೊಂಡು ಇತರರು ಬರೆದ ಬರಹಗಳು ಹಲವು. ಕ್ಯಾನ್ಸರ್ ರೋಗಿಯ ಆಸೆ ಎಷ್ಟು ಸುಕುಮಾರವಾದದ್ದೆಂದು ಬಲ್ಲವರಿಗೆ ಇದರ ಗಾಂಭೀರ್ಯವನ್ನು ವಿವರಿಸಬೇಕಾದದ್ದಿಲ್ಲ.

ಮೂರನೆಯ ನಗರ ಅಡಿಲೇಡ್. ಆಧುನಿಕ ಸಂಖ್ಯಾಶಾಸ್ತ್ರದ ನಿರ್ಮಾತೃಗಳಲ್ಲಿ ಪ್ರಮುಖರಾದ ರೊನಾಲ್ಡ್ ಫಿಷರ್ ತಮ್ಮ ಕಡೆಯ ವರ್ಷಗಳನ್ನು ಅಲ್ಲಿ ಕಳೆದು 1962ರಲ್ಲಿ ಅಲ್ಲಿಯೇ ತೀರಿಕೊಂಡರು. ಹತ್ತೊಂಬತ್ತು ವರ್ಷ ಮುಂಚೆ, 1943ರಲ್ಲಿ, ಮಲಯದ ಚಿಟ್ಟೆಗಳನ್ನೂ ಇಂಗ್ಲೆಂಡಿನ ಪತಂಗಗಳನ್ನೂ ಕುರಿತು ಇಬ್ಬರು ಕೀಟಶಾಸ್ತ್ರಜ್ಞರೊಡನೆ ಅವರು ಬರೆದ ಒಂದು ಲೇಖನದಲ್ಲಿ, ಒಂದೇ ಸಲ ಕಂಡ ಜಾತಿಗಳೆಷ್ಟು, ಎರಡು ಸಲ ಕಂಡವೆಷ್ಟು ಎಂಬ ಲೆಕ್ಕದಿಂದ ಸಮುದಾಯವೊಂದರ ವೈವಿಧ್ಯವನ್ನು ಅಳೆಯುವ ಮಾರ್ಗವನ್ನು ತೋರಿಸಿದ್ದರು. ಅಂದು ಬಲೆಯಲ್ಲಿ ಹಿಡಿದ ಚಿಟ್ಟೆಗಳಿಗೆ ಮಾಡಿದ ಆ ಲೆಕ್ಕವನ್ನು ಇಂದು ಕರುಳಿನ ಬ್ಯಾಕ್ಟೀರಿಯಾಗಳಿಗೆ ಮಾಡುತ್ತಾರೆ. ಅಷ್ಟೇ ಅಲ್ಲ, ಚಿಕಿತ್ಸೆಯ ಪರೀಕ್ಷೆಗಳಲ್ಲಿ ಯಾರಿಗೆ ಯಾವ ಚಿಕಿತ್ಸೆಯೆಂಬುದನ್ನು ಯಾದೃಚ್ಛಿಕವಾಗಿ ನಿರ್ಣಯಿಸುವ ಪದ್ಧತಿಯ ಗಣಿತಾಧಾರವೂ ಫಿಷರರದೇ. 2019ರಲ್ಲಿ ಅದೇ ಅಡಿಲೇಡಿನ ವೈದ್ಯರ ನೇತೃತ್ವದಲ್ಲಿ, ದೊಡ್ಡಕರುಳಿನ ಹುಣ್ಣುರೋಗದ 73 ರೋಗಿಗಳನ್ನು ಹಾಗೆ ಎರಡು ಪಂಗಡಗಳಾಗಿ ವಿಂಗಡಿಸಿ, ಒಂದು ಪಂಗಡಕ್ಕೆ ಆರೋಗ್ಯವಂತ ದಾನಿಗಳ ಮಲದ ಸೂಕ್ಷ್ಮಜೀವಿಗಳನ್ನೂ ಇನ್ನೊಂದಕ್ಕೆ ಅವರವರದನ್ನೇ ಮರಳಿ ಕೊಟ್ಟು ನೋಡಿದರು. ಎಂಟು ವಾರಗಳಲ್ಲಿ ಮೊದಲನೆಯ ಪಂಗಡದ 38 ಜನರಲ್ಲಿ 12 ಮಂದಿಗೂ ಎರಡನೆಯದರ 35 ಜನರಲ್ಲಿ 3 ಮಂದಿಗೂ ರೋಗ ಶಮನವಾಗಿತ್ತು. ಸಣ್ಣ ಅಧ್ಯಯನವೇ ಸರಿ; ಆದರೆ ಯಾವುದನ್ನು ಯಾವುದರೊಡನೆ ಹೋಲಿಸಿದರೆಂಬುದು ನಿಷ್ಕಪಟವಾಗಿ ತಿಳಿದಿರುವುದರಿಂದ ಅದು ಹೇಳುವ ಮಾತಿಗೆ ತೂಕವಿದೆ.

ಫಿಷರರ ಶಿಷ್ಯರಲ್ಲಿ ಒಬ್ಬರು ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದವರೆಂಬುದನ್ನು ಎಷ್ಟು ಕನ್ನಡಿಗರು ನೆನೆಯುವರೋ ನಾನರಿಯೆ. ಕಲ್ಯಂಪೂಡಿ ರಾಧಾಕೃಷ್ಣ ರಾವ್ 1920ರ ಸೆಪ್ಟೆಂಬರಿನಲ್ಲಿ, ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಆ ಊರಿನಲ್ಲಿ ಜನಿಸಿದರು. ಮನೆಮಾತು ತೆಲುಗು, ತಂದೆಯ ಪೊಲೀಸ್ ನೌಕರಿಯ ನಿಮಿತ್ತ ಕುಟುಂಬ ಊರೂರು ತಿರುಗಿತು. ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಶುದ್ಧಗಣಿತದ ಎಂ.ಎ. ಮುಗಿಸಿ, ಕೆಲಸವನ್ನರಸುತ್ತ ಕಲ್ಕತ್ತೆಗೆ ಹೋಗಿ, 1941ರಲ್ಲಿ ಮಹಲನೋಬಿಸರು ಸ್ಥಾಪಿಸಿದ್ದ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಸೇರಿದರು. ಅಲ್ಲಿಂದ 1946ರಲ್ಲಿ ಕೇಂಬ್ರಿಜ್‌ನ ವಸ್ತುಸಂಗ್ರಹಾಲಯಕ್ಕೆ ಹೋದದ್ದು, ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಪ್ರಾಚೀನ ಮಾನವರ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸುವುದಕ್ಕೆ. ಆ ಎಲುಬುಗಳ ಕೆಲಸದ ನಡುವೆಯೇ ಫಿಷರರ ಬಳಿ ಸಂಶೋಧನೆ ನಡೆಸಿ 1948ರಲ್ಲಿ ಡಾಕ್ಟರೇಟ್ ಪಡೆದರು. ಗಣಿತಜ್ಞನೊಬ್ಬ ಜೀವಶಾಸ್ತ್ರದ ವಸ್ತುವಿನ ಮುಂದೆ ಕುಳಿತು ಅದರ ಸ್ವಭಾವವನ್ನು ಕಲಿತು ತನ್ನ ಗಣಿತವನ್ನು ತಿದ್ದಿಕೊಂಡದ್ದಕ್ಕೆ ಇದಕ್ಕಿಂತ ಶ್ಲಾಘ್ಯವಾದ ನಿದರ್ಶನವನ್ನು ನಾನು ಕಾಣೆ. 1982ರಲ್ಲಿ ಅವರು ವೈವಿಧ್ಯಕ್ಕೆ ಒಂದು ಹೊಸ ಮಾನವನ್ನು ಕೊಟ್ಟರು: ಸಮುದಾಯದಿಂದ ಯಾದೃಚ್ಛಿಕವಾಗಿ ಎರಡು ಜೀವಿಗಳನ್ನು ಆರಿಸಿದರೆ ಅವುಗಳ ನಡುವೆ ಸರಾಸರಿಯಲ್ಲಿ ಎಷ್ಟು ಅಂತರವಿರುವುದೋ ಅದೇ ಆ ಸಮುದಾಯದ ವೈವಿಧ್ಯ. ಜಾತಿಗಳ ಸಂಖ್ಯೆಯೊಂದನ್ನೇ ನೋಡದೆ, ಅವು ಒಂದರಿಂದೊಂದು ಎಷ್ಟು ದೂರದ ಬಂಧುಗಳೆಂಬುದನ್ನೂ ಗಣಿಸುವ ಈ ಮಾನ ಇಂದು ಅರಣ್ಯಗಳ ಅಧ್ಯಯನದಲ್ಲಿಯೂ ಸೂಕ್ಷ್ಮಜೀವಿಗಳ ಅಧ್ಯಯನದಲ್ಲಿಯೂ ಬಳಕೆಯಲ್ಲಿದೆ. 2023ರಲ್ಲಿ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಸಂದಿತು. ಅದೇ ವರ್ಷದ ಆಗಸ್ಟ್ 22ರಂದು, ತಮ್ಮ 102ನೆಯ ವಯಸ್ಸಿನಲ್ಲಿ, ಅಸ್ತಂಗತರಾದರು.

ಇಷ್ಟು ದೂರ ಬಂದ ಮೇಲೆ ನಾನು ನೆಲೆಸಿರುವ ಫಾರೆಸ್ಟ್ ಲೇಕಿನ ಮಾತನ್ನು ಎತ್ತಬಹುದು. ಬ್ರಿಸ್ಬೇನ್ ನಗರಮಧ್ಯದಿಂದ ನೈಋತ್ಯಕ್ಕೆ, ಮನುಷ್ಯರೇ ನಿರ್ಮಿಸಿದ ಒಂದು ಸರೋವರದ ಸುತ್ತ 1990ರ ದಶಕದಲ್ಲಿ ಯೋಜನಾಬದ್ಧವಾಗಿ ಬೆಳೆದ ಈ ಬಡಾವಣೆಯ ಮಗ್ಗುಲಲ್ಲಿಯೇ ವಿಯೆಟ್ನಾಮಿನಿಂದ ಬಂದವರು ಬಹುಸಂಖ್ಯೆಯಲ್ಲಿ ನೆಲೆಸಿರುವ ಇನಾಲಾ ಇದೆ. ಇಲ್ಲಿ ಭಾರತದವರೂ ಪೆಸಿಫಿಕ್ ದ್ವೀಪಗಳವರೂ ಬಾಳುತ್ತಿದ್ದಾರೆ. ಮಲದ ಮಾದರಿಯನ್ನು ಅಂಚೆಯಲ್ಲಿ ಕಳುಹಿಸಿ ತಮ್ಮ ಕರುಳಿನ ವರದಿಯನ್ನು ತರಿಸಿಕೊಳ್ಳುವುದು ಈಗ ನಮ್ಮ ಮನೆಗಳಲ್ಲಿಯೂ ರೂಢಿಯಾಗುತ್ತಿದೆ. ವೈವಿಧ್ಯ ಕಡಿಮೆ, ಇಂಥ ಜಾತಿ ಅಧಿಕ, ಇಂಥದು ಮಿತಿಯಲ್ಲಿಲ್ಲ ಎಂದು ಬಣ್ಣಬಣ್ಣದ ಪಟ್ಟಿಕೆಗಳಲ್ಲಿ ಬಂದ ಆ ವರದಿಯನ್ನು ಹಿಡಿದು, ರಾಗಿಮುದ್ದೆಯನ್ನು ಬಿಡಬೇಕೆ, ಮೊಸರನ್ನು ಹೆಚ್ಚಿಸಬೇಕೆ ಎಂದು ಚಿಂತಿಸುವವರನ್ನು ನಾನು ಕಂಡಿದ್ದೇನೆ. ಅವರಿಗೆ ನಾನು ಹೇಳುವುದಿಷ್ಟೆ: ಮಿತಿಯೆಂದರೆ ಯಾರ ಮಿತಿ? ಅಮೆರಿಕದ ಮೈಕ್ರೋಬಯೋಮ್ ಮಹಾಯೋಜನೆ 2012ರಲ್ಲಿ ಆರೋಗ್ಯದ ಮಾದರಿಯೆಂದು ಮುಂದಿಟ್ಟದ್ದು ಆ ದೇಶದ 242 ಜನರನ್ನು. 2022ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ, ಜಗತ್ತಿನ ಸಾರ್ವಜನಿಕ ಭಂಡಾರಗಳಲ್ಲಿರುವ, ದೇಶ ತಿಳಿದಿರುವ ಮಾನವ ಮಾದರಿಗಳಲ್ಲಿ ನೂರಕ್ಕೆ 70ಕ್ಕೂ ಮಿಕ್ಕಿದವು ಯೂರೋಪು, ಅಮೆರಿಕ ಮತ್ತು ಕೆನಡಾಗಳವು. ಅಮೆರಿಕವೊಂದರದೇ ಅರ್ಧಕ್ಕೆ ಸಮೀಪ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ ಪಾಲು ಜನಸಂಖ್ಯೆಯ ಮುಂದೆ ಅತ್ಯಲ್ಪ. ಬೇರೊಬ್ಬರ ಕರುಳನ್ನು ಮಾನದಂಡವಾಗಿಟ್ಟು ನಮ್ಮ ಕರುಳನ್ನು ಅಳೆದು ನ್ಯೂನವೆಂದು ಹೇಳುವ ವರದಿಗೆ, ಅದರ ಯಂತ್ರ ಎಷ್ಟೇ ಸೂಕ್ಷ್ಮವಾಗಿರಲಿ, ನಮ್ಮ ಊಟವನ್ನು ಬದಲಿಸುವ ಅಧಿಕಾರವಿಲ್ಲ.

ಭಾರತದಲ್ಲಿ ಕೆಲಸವೇ ನಡೆದಿಲ್ಲವೆಂದಲ್ಲ. 2019ರಲ್ಲಿ ಭೋಪಾಲದ ವಿಜ್ಞಾನಿಗಳು ತಮ್ಮ ಊರಿನ ಮತ್ತು ಕೇರಳದ ಒಟ್ಟು 110 ಆರೋಗ್ಯವಂತರನ್ನು ಪರೀಕ್ಷಿಸಿ, ಹೆಚ್ಚಾಗಿ ಸಸ್ಯಾಹಾರಿಗಳಾದ ಭೋಪಾಲದವರಲ್ಲಿ ಪ್ರಿವೊಟೆಲ್ಲಾ ಎಂಬ ಕುಲ ಪ್ರಬಲವಾಗಿಯೂ ಕೇರಳದವರಲ್ಲಿ ಬೇರೆ ಕುಲಗಳು ಪ್ರಬಲವಾಗಿಯೂ ಇರುವುದನ್ನು ತೋರಿಸಿದರು. ಒಂದು ದೇಶದೊಳಗೇ ಇಷ್ಟು ಭೇದವಿರುವಾಗ, ಜೋಳದ ರೊಟ್ಟಿಯ ವಿಜಯಪುರವನ್ನೂ ರಾಗಿಯ ಮಂಡ್ಯವನ್ನೂ ಮೀನಿನ ಕಾರವಾರವನ್ನೂ ಹಂದಿಮಾಂಸದ ಕೊಡಗನ್ನೂ ಒಂದೇ ಸಾಲಿನಲ್ಲಿ ಬರೆಯುವುದು ಹೇಗೆ? ದೇಶಾಂತರ ಬಂದವರ ವಿಚಾರ ಇನ್ನೂ ಜಟಿಲ. ಥೈಲೆಂಡಿನಲ್ಲಿಯೂ ಅಲ್ಲಿಂದ ಅಮೆರಿಕದ ಮಿನೆಸೋಟಾಕ್ಕೆ ವಲಸೆ ಹೋಗಿಯೂ ಇರುವ ಮೊಂಗ್ ಮತ್ತು ಕರೆನ್ ಜನಾಂಗಗಳ 500ಕ್ಕೂ ಹೆಚ್ಚು ಸ್ತ್ರೀಯರನ್ನು ಪರೀಕ್ಷಿಸಿದ 2018ರ ಅಧ್ಯಯನ, ವಲಸೆಯಾದ ಕೆಲವೇ ತಿಂಗಳಲ್ಲಿ ನಾರನ್ನು ಜೀರ್ಣಿಸುವ ಜೀವಿಗಳು ಕುಗ್ಗತೊಡಗಿ, ಪ್ರಿವೊಟೆಲ್ಲಾದ ಸ್ಥಾನವನ್ನು ಬ್ಯಾಕ್ಟೀರಾಯ್ಡಿಸ್ ಎಂಬ ಕುಲ ಆಕ್ರಮಿಸಿ, ಅಲ್ಲಿಯೇ ಹುಟ್ಟಿದ ಮುಂದಿನ ಪೀಳಿಗೆಯಲ್ಲಿ ವೈವಿಧ್ಯ ಮತ್ತಷ್ಟು ಕ್ಷೀಣಿಸುವುದನ್ನು ಕಂಡಿತು. ದಕ್ಷಿಣ ಏಷ್ಯದಿಂದ ಕೆನಡಾಕ್ಕೆ ಹೋದವರ ಮಕ್ಕಳಲ್ಲಿ ಕರುಳಿನ ಉರಿಯೂತದ ವ್ಯಾಧಿಗಳು ಅಲ್ಲಿಯವರಷ್ಟೇ ಪ್ರಮಾಣದಲ್ಲಿ ಬರುವುವೆಂಬುದೂ ಬೇರೊಂದು ಅಧ್ಯಯನದಿಂದ ತಿಳಿದಿದೆ. ಕ್ವೀನ್ಸ್‌ಲ್ಯಾಂಡಿನಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳ ಒಡಲಿನಲ್ಲಿ ಏನು ಉಳಿದಿದೆ, ಏನು ಅಳಿದಿದೆಯೆಂಬ ಪ್ರಶ್ನೆ ನನಗೆ ಬರಿಯ ಕುತೂಹಲದ ಪ್ರಶ್ನೆಯಲ್ಲ.

ಇದಕ್ಕೆ ಉತ್ತರ ಹುಡುಕಲು ಬೇಕಾದ ಜನ ಕರ್ನಾಟಕದಲ್ಲಿದ್ದಾರೆ. ಭಾರತೀಯ ಸಾಂಖ್ಯಿಕ ಸಂಸ್ಥೆಯ ಒಂದು ಕೇಂದ್ರ ಬೆಂಗಳೂರಿನಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಜೀವಮಾಹಿತಿ ವಿಜ್ಞಾನಕ್ಕೇ ಮೀಸಲಾದ ಸಂಸ್ಥೆಯೊಂದಿದೆ. ಕೊರತೆಯಿರುವುದು ಕೂಡುದಾರಿಯಲ್ಲಿ. ಹತ್ತನೆಯ ತರಗತಿ ಮುಗಿದ ಕೂಡಲೆ ಗಣಿತದಲ್ಲಿ ಒಲವುಳ್ಳ ಹುಡುಗ ಗಣಕವಿಜ್ಞಾನವಿರುವ ಪಿಸಿಎಂಸಿ ಎಂದು ಒಂದು ಕಡೆಗೂ, ವೈದ್ಯಳಾಗಬೇಕೆಂಬ ಹುಡುಗಿ ಜೀವಶಾಸ್ತ್ರವಿರುವ ಪಿಸಿಎಂಬಿ ಎಂದು ಇನ್ನೊಂದು ಕಡೆಗೂ ನಡೆದುಬಿಡುತ್ತಾರೆ. ಆ ಹುಡುಗ ಮತ್ತೆಂದೂ ಒಂದು ಜೀವಕೋಶವನ್ನು ಕಣ್ಣಿಟ್ಟು ನೋಡುವುದಿಲ್ಲ, ಆ ಹುಡುಗಿ ಪ್ರವೇಶಪರೀಕ್ಷೆಯ ಹೊರಗೆ ಒಂದು ಸಮೀಕರಣವನ್ನು ಪ್ರೀತಿಯಿಂದ ಬಿಡಿಸುವುದಿಲ್ಲ. ಹದಿನಾರರ ವಯಸ್ಸಿನಲ್ಲಿ ಎದ್ದ ಈ ಗೋಡೆಯನ್ನು ಇಪ್ಪತ್ತೆರಡರಲ್ಲಾದರೂ ದಾಟಲು ಬಾಗಿಲಿರಬೇಕು. ಗಣಿತದಲ್ಲಿ ಪದವಿ ಪಡೆದವರಿಗೆ ಒಂದು ವರ್ಷದ ಜೀವಶಾಸ್ತ್ರವನ್ನು, ಪ್ರಯೋಗಶಾಲೆಯ ಸಹಿತವಾಗಿ, ವೇತನವಿತ್ತು ಕಲಿಸುವ ಏರ್ಪಾಡನ್ನು ಮೈಸೂರು, ಧಾರವಾಡ, ಕಲಬುರಗಿ ಮತ್ತು ಬಳ್ಳಾರಿಯ ವಿಶ್ವವಿದ್ಯಾನಿಲಯಗಳು ಒಟ್ಟಾಗಿ ಮಾಡಲಿ; ಅದಕ್ಕೆ ಹೂವಿನಹಡಗಲಿಯಲ್ಲಿ ಹುಟ್ಟಿದ ಆ ಮಹನೀಯರ ಹೆಸರನ್ನಿಡಲಿ. ಹಾಗೆ ಕಲಿತವರು ಮಾಡಬೇಕಾದ ಮೊದಲನೆಯ ಕೆಲಸವೂ ಸಿದ್ಧವಾಗಿದೆ: ರಾಜ್ಯದ ಆಹಾರಪ್ರದೇಶಗಳಲ್ಲಿ ಒಂದೊಂದರಿಂದಲೂ ಯಾದೃಚ್ಛಿಕವಾಗಿ ಆರಿಸಿದ ಕುಟುಂಬಗಳ ಮಾದರಿಗಳನ್ನು, ಅವರ ಸಮ್ಮತಿಯಿಂದ, ಹೆಸರು ಬಯಲಾಗದಂತೆ ಸಂಗ್ರಹಿಸುವುದು, ಪ್ರಮಾಣದ ಜೊತೆಗೆ ಪರಿಮಾಣವನ್ನೂ ಎಣಿಸುವುದು, ಫಲಿತವನ್ನು ಯಾವ ಕಂಪನಿಗೂ ಮಾರದೆ ಸರ್ವರಿಗೂ ತೆರೆದಿಡುವುದು. ಅದೇ ಊರುಗಳಿಂದ ಹೊರಟು ಬ್ರಿಸ್ಬೇನ್, ಅಡಿಲೇಡ್, ಪರ್ತ್‌ಗಳಲ್ಲಿ ನೆಲೆಸಿರುವ ಕುಟುಂಬಗಳನ್ನೂ, ಇಲ್ಲಿ ಹುಟ್ಟಿದ ಮಕ್ಕಳನ್ನೂ ಹೋಲಿಕೆಗಾಗಿ ಸೇರಿಸಿಕೊಳ್ಳಬೇಕು; ಮಾದರಿ ಕೊಡುವವರನ್ನು ಒಗ್ಗೂಡಿಸುವ ಹೊಣೆಯನ್ನು ಇಲ್ಲಿಯ ಕನ್ನಡ ಸಂಘಗಳು ವಹಿಸಬಲ್ಲವು, ವಹಿಸಬೇಕು.